ಗಯಾಬಾಯಿಯ ಶೀಶೆ

ಅದು ೧೯೬೮. ಕ್ಷಯದ ಪಿ.ಎ.ಎಸ್. ಗುಳಿಗೆ ಹೊಟ್ಟೆ ತೊಳಸುತ್ತದೆಂದು ಅರ್ಧ ರೋಗಿಗಳು ಅದನ್ನು ತಿಪ್ಪೆಗೇ ತಿನ್ನಿಸುತ್ತಿದ್ದರು. ಹಾಗಾಗಿ ಕ್ಷಯದ ಆಸ್ಪತ್ರೆಯ ನೌಕರನಾದ ನಾನು ಹೇಳದೆ ಕೇಳದೆ ಅವರ ಮನೆಗೆ ಹೋಗಿ ಮೂತ್ರಕ್ಕೆ ಒಂದು ಹನಿ ದ್ರಾವಣ ಬಿಡುತ್ತಿದ್ದೆ. ಗುಳಿಗೆ ನುಂಗಿದ್ದರೆ ಅದು ನೇರಳೆಯಾಗುತ್ತಿತ್ತು.

ಕೊಹಿನೂರ ಹಳ್ಳಿಯ ರೋಗಿ ಗಯಾಬಾಯಿ ತೀರಿಕೊಂಡು ಹದಿನೈದು ದಿನವಾಗಿತ್ತು. ಉಳಿದ ಗುಳಿಗೆ ವಾಪಸ್ ತರಲು ಹೋದೆ. ಮನೆಯಲ್ಲಿ ಒಬ್ಬಳೇ ಇದ್ದ ತಾಯಿ ಸರುಬಾಯಿ ಗುಳಿಗೆಯ ಡಬ್ಬಿ ಬಿಡಲಿಲ್ಲ.

"ಪಟ್ಟಿಯಾಗಿಂದ ಹೆಸರ ಹೊಡದ ಹಾಕಬ್ಯಾಡ್ರಿ ಸಾಹೇಬ್ರ. ಮಗಳು ದಿನಾ ತಗೊಳ್ಳಾಕತ್ತಾಳ್ರಿ, ಬೇಕಾದ್ರ ನೋಡ್ರಿ," ಎಂದು ಮೂತ್ರದ ಶೀಶೆ ಕೊಟ್ಟಳು. ಅದು ಬೆಚ್ಚಗಿತ್ತು. ಹನಿ ಬಿಟ್ಟರೆ ನೇರಳೆಯಾಯಿತು.

ಮುದುಕಿಯೇ ನುಂಗುತ್ತಿರಬೇಕೆಂದು ಅವಳದನ್ನೂ ಪರೀಕ್ಷಿಸಿದೆ. ಬಣ್ಣ ಬರಲಿಲ್ಲ.

"ನನಗ್ಯಾಕ್ರಿ ಆ ಕಹಿ?" ಎಂದಳು.

ಅರ್ಧ ಗಂಟೆಯಾದರೂ ಮೊದಲ ಶೀಶೆಯ ಬಿಸಿ ಆರಿರಲಿಲ್ಲ. ಹೆಸರು ಹೊಡೆಯದೆ, ಮುಂದಿನ ತಿಂಗಳ ಗುಳಿಗೆ ಕೊಟ್ಟು ಬಂದೆ.