ಅಂಚು ಮಾತ್ರ ಕೆಂಪು

ಮೇಲೆ ನೋಡಬಾರದು ಎಂದುಕೊಂಡಿದ್ದೆ.

ನೋಡಿಬಿಟ್ಟೆ!

ನನ್ನ ನೆತ್ತಿಯ ನೇರಕ್ಕೆ, ಎರಡಾಳೆತ್ತರದಲ್ಲಿ, ಒಂದು ಉಕ್ಕಿನ ಪ್ಲೇಟು ತೂಗುತ್ತಿತ್ತು. ಮಂಚದಷ್ಟು ಅಗಲ, ಹೆಬ್ಬೆರಳಿನಷ್ಟು ದಪ್ಪ. ಅದಕ್ಕೆ ಸರಪಳಿ ಇಲ್ಲ, ಕೊಕ್ಕೆ ಇಲ್ಲ. ಕ್ರೇನಿನ ತುದಿಯಲ್ಲಿದ್ದ ದುಂಡನೆಯ ಮ್ಯಾಗ್ನೆಟ್ಟಿಗೆ ಸುಮ್ಮನೆ ಅಂಟಿಕೊಂಡಿತ್ತು. ಮ್ಯಾಗ್ನೆಟ್ಟು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ಕೆಳಗೆ ಕಬ್ಬಿಣದ ಕುರ್ಚಿ. ಕುರ್ಚಿಯಲ್ಲಿ ನಾನು. ಕೈಕಾಲುಗಳಿಗೆ ಬಂಡಲ್ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ.

"ಪ್ರಿಯಾಂಕಾ ಎಲ್ಲಿ ಮೇಡಂ?"

ಕೇಳಿದವನು ಜಯಸಿಂಹ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ಕುಂಕುಮ. ಪೀಣ್ಯದ ಈ ರೋಲಿಂಗ್ ಮಿಲ್ಲಿನ ಮಾಲೀಕ.

"ಯಾವ ಪ್ರಿಯಾಂಕಾ?"

"ನಾನೇನೂ ಮಾಡಲ್ಲ ಮೇಡಂ. ನಿಮ್ಮ ಮೈ ಕೂಡ ಮುಟ್ಟಲ್ಲ. ಆದ್ರೆ ನಮ್ಮ ಏರಿಯಾದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ..."

"ಬ್ಯಾಟರಿ ಬ್ಯಾಕಪ್ ಇರುತ್ತಲ್ಲಾ?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಮುತ್ತೂ! ಬ್ಯಾಟರಿ ಇದ್ಯೇನೋ?"

ಗೋಡೆಯ ಹತ್ತಿರ ಕ್ರೇನಿನ ರಿಮೋಟ್ ಹಿಡಿದು ನಿಂತಿದ್ದ ಆಪರೇಟರ್ ತಲೆ ತಗ್ಗಿಸಿದ. "ಅದು ಸತ್ತು ತುಂಬಾ ದಿನ ಆಯ್ತು ಸಾರ್. ಹೊಸಾದು ಹಾಕ್ಸಿಲ್ಲ."

ಅರ್ಥವಾಯಿತಲ್ಲ? ಕರೆಂಟ್ ಇರುವ ತನಕ ಮ್ಯಾಗ್ನೆಟ್ಟು. ಮ್ಯಾಗ್ನೆಟ್ಟು ಇರುವ ತನಕ ನಾನು!

ನನ್ನ ಹೆಸರು ಶ್ರೀರಂಜನಿ. ಪೇಟೆಂಟ್ ಕೇಸುಗಳಿಗೆ ಸಾಕ್ಷಿ ಹುಡುಕಿಕೊಡುವುದು ನನ್ನ ಕಸುಬು. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಿಂದ ಹಿಡಿದು ಇಲ್ಲಿನ ಶೆಡ್ಡುಗಳವರೆಗೆ ಎಲ್ಲ ಕಡೆ ಬೈಸಿಕೊಂಡಿದ್ದೇನೆ. ನಾಯಿಗಳು ಅಟ್ಟಿಸಿಕೊಂಡು ಬಂದಿವೆ. ಸೆಕ್ಯುರಿಟಿಯವರು ತಳ್ಳಿದ್ದಾರೆ. ಗಟ್ಟಿಗಿತ್ತಿ ಎಂದು ಹೆಸರು ಬೇರೆ ಇದೆ. ಆ ಗಟ್ಟಿಗಿತ್ತಿ ಅವತ್ತು ಕುರ್ಚಿಯಲ್ಲಿ ಕತ್ತು ಒಳಗೆಳೆದುಕೊಂಡು ಕೂತಿದ್ದಳು. ಭಯ ಆಗಿತ್ತು ನನಗೆ.

ವಿಷಯ ಇಷ್ಟು.

ಉಕ್ಕನ್ನು ಎರಡು ರೋಲರುಗಳ ನಡುವೆ ಒತ್ತಿ ಒತ್ತಿ ತೆಳು ತಗಡು ಮಾಡುವಾಗ ಅದರ ಅಂಚುಗಳು ಸೀಳುತ್ತವೆ. ಜಯಸಿಂಹ ಒಂದು ಉಪಾಯ ಕಂಡುಹಿಡಿದ. ರೋಲರಿಗೆ ಕೊಡುವ ಮುಂಚೆ ಎರಡು ಅಂಚುಗಳನ್ನು ಮಾತ್ರ ಕೆಂಪಗೆ ಕಾಯಿಸುವುದು, ನಡುಭಾಗವನ್ನು ಹಾಗೇ ಬಿಡುವುದು. ಸೀಳು ಮಾಯ! ಒಳ್ಳೆಯ ಉಪಾಯವೇ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಪೇಟೆಂಟ್ ಬೇಕೆಂದು ಅರ್ಜಿ ಹಾಕಿದ. ಪೇಟೆಂಟ್ ಕೈಗೆ ಬಂದರೆ ಫ್ಯಾಕ್ಟರಿಯನ್ನು ಕೊಳ್ಳಲು ಒಂದು ವಿದೇಶಿ ಕಂಪನಿ ತುದಿಗಾಲಲ್ಲಿ ನಿಂತಿತ್ತು.

ಪಕ್ಕದ ರಸ್ತೆಯ ಶ್ರೀಧರ್ ಕೂಡ ಅದೇ ಪದ್ಧತಿಯಲ್ಲಿ ತಗಡು ಮಾಡುತ್ತಿದ್ದ. ಪೇಟೆಂಟ್ ಬಂದರೆ ಅವನ ಮಿಲ್ಲಿಗೆ ಬೀಗ. ಅವನು ಪೇಟೆಂಟ್ ಆಫೀಸಿಗೆ ಆಕ್ಷೇಪಣೆ ಸಲ್ಲಿಸಿ ನನ್ನ ಹತ್ತಿರ ಓಡಿಬಂದ.

"ನೀವು ಇದನ್ನ ಎಲ್ಲಿ ಕಲಿತ್ರಿ?" ಎಂದು ಕೇಳಿದ್ದೆ.

"ಅವನ ಫ್ಯಾಕ್ಟರಿಲೇ!"

"ಕದ್ರಾ?"

"ಕದಿಯೋದೇನ್ ಬಂತು ಮೇಡಂ? ಆಯುಧಪೂಜೆಗೆ ಕರೆದಿದ್ದ, ಹೋಗಿದ್ದೆ. ಬಂದೋರೆಲ್ಲರ ಮುಂದೇನೇ ಮಶೀನ್ ಓಡಿಸಿ ತೋರಿಸ್ದ. ಪುರಿ ತಿಂತಾ ನೋಡ್ದೆ. ವಾಪಸ್ ಬಂದು ನಾನೂ ಮಾಡ್ದೆ. ಅಷ್ಟೇ!"

ನನ್ನ ಕಿವಿ ನೆಟ್ಟಗಾಯಿತು.

ಪೇಟೆಂಟ್ ಪರೀಕ್ಷೆಯಲ್ಲಿ ಮೊದಲು ನೋಡುವುದೇ ಹೊಸತನ. ಅರ್ಜಿ ಹಾಕುವುದಕ್ಕೆ ಮುಂಚೆ ಆ ಪದ್ಧತಿ ಊರ ಕಣ್ಣಿಗೆ ಬಿದ್ದಿರಬಾರದು. ಬಿತ್ತೋ, ಕತೆ ಮುಗಿಯಿತು! ಜಯಸಿಂಹ ಅದಕ್ಕಾಗಿ ವರ್ಷವಿಡೀ ಗೇಟಿಗೆ ಕಾವಲು ಹಾಕಿದ್ದ. ಕೆಲಸದವರ ಫೋನುಗಳನ್ನು ಹೊರಗೇ ಇಡಿಸಿದ್ದ. ಆದರೆ ಆಯುಧಪೂಜೆಯ ದಿನ ಮಶೀನಿಗೆ ಬಾಳೆಕಂಬ ಕಟ್ಟಿ, ಚೆಂಡು ಹೂವು ಸುತ್ತಿ, ಗೇಟನ್ನು ಹಾರುಹೊಡೆದು ಬೀದಿಯವರನ್ನೆಲ್ಲ ಒಳಗೆ ಕರೆದ. ಅರ್ಜಿ ಹಾಕಿದ್ದು ದೀಪಾವಳಿ ಕಳೆದ ಮೇಲೆ.

ಶ್ರೀಧರ್ ಮಾತು ಸಾಕಾಗುವುದಿಲ್ಲ, ಅವನು ಎದುರಾಳಿ. ಹೊರಗಿನ ಸಾಕ್ಷಿ ಬೇಕಿತ್ತು. ಹುಡುಕಿದೆ. ರಾಜಗೋಪಾಲನಗರದ ಅಂಜನಮ್ಮ ಸಿಕ್ಕರು. ಫ್ಯಾಕ್ಟರಿ ಇರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹಾಗಾಗಿ ಪ್ರತಿ ವರ್ಷ ಅವರ ಮನೆಯವರೇ ಬಂದು ಮಶೀನಿನ ಮುಂದೆ ಬೂದುಗುಂಬಳ ಒಡೆಯುವುದು ವಾಡಿಕೆ.

"ಅಂಚೆಲ್ಲಾ ಕೆಂಡ ಕಣವ್ವಾ," ಎಂದಿದ್ದರು ಅಂಜನಮ್ಮ. "ನಡೂಕೆ ಮಾತ್ರ ಕರ್ರಗೆ. ಯಾಕಪ್ಪಾ ಇಂಗೆ ಅಂದೆ. ಆವಯ್ಯ ಬಿಡಿಸಿ ಬಿಡಿಸಿ ಯೋಳ್ತು. ನಮ್ ಪ್ರಿಯಾಂಕಾ ವಿಡಿಯೋ ಮಾಡ್ಕಂಡವ್ಳೆ, ನೋಡು ಬೇಕಾರೆ."

ಪ್ರಿಯಾಂಕಾ ಅವರ ಮೊಮ್ಮಗಳು, ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ವಿಡಿಯೋದಲ್ಲಿ ಎಲ್ಲವೂ ಇತ್ತು. ಅಂಚು ಕೆಂಪಗಾದ ತಗಡು ರೋಲರಿನೊಳಗೆ ಹೋಗುತ್ತಿತ್ತು. ಹಿನ್ನೆಲೆಯಲ್ಲಿ ಜಯಸಿಂಹನ ಧ್ವನಿ: "ನೋಡಿ ಅಜ್ಜಿ, ಅಂಚು ಮಾತ್ರ ಕಾಯಿಸ್ತೀವಿ, ಅದಕ್ಕೇ ಸೀಳಲ್ಲ!"

ನಮ್ಮ ವಕೀಲೆ ದಿವ್ಯಾ ಅದರ ಪ್ರತಿಯನ್ನು ಸಲ್ಲಿಸಿದಳು. ನಕಲಿ, ಕಂಪ್ಯೂಟರಿನಲ್ಲಿ ಮಾಡಿದ್ದು ಎಂದ ಜಯಸಿಂಹ. ಹಾಗಾದರೆ ವಿಡಿಯೋ ತೆಗೆದವಳೇ ತನ್ನ ಫೋನ್ ಸಮೇತ ವಿಚಾರಣೆಗೆ ಬರಲಿ ಎಂದರು ಪೇಟೆಂಟ್ ಅಧಿಕಾರಿ. ವಿಚಾರಣೆ ವಿಡಿಯೋ ಕಾಲಿನಲ್ಲಿ, ಅವತ್ತು ಮಧ್ಯಾಹ್ನ.

ಅವತ್ತು ಬೆಳಿಗ್ಗೆ ಪ್ರಿಯಾಂಕಾಳ ಸ್ಕೂಟರಿಗೆ ಒಂದು ಬಿಳಿ ಕಾರು ಉಜ್ಜಿಕೊಂಡು ಹೋಯಿತು. ಟ್ರಾಫಿಕ್ಕಿನಲ್ಲಿ ಇದೆಲ್ಲ ಇದ್ದದ್ದೇ ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳನ್ನು, ಅಜ್ಜಿಯನ್ನು, ದಿವ್ಯಾಳನ್ನು ರಾಜಗೋಪಾಲನಗರದ ಒಂದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಕೂರಿಸಿದೆ. ಇಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಹುಡುಗಿ ಹೆದರಿದರೆ ಸಾಕ್ಷಿ ಹೇಳುವಾಗ ತೊದಲುತ್ತಾಳೆ. ಕಾರಿನವರು ಬಂದರೆ ನನ್ನ ಹಿಂದೆ ಬರಲಿ ಎಂದು ಒಬ್ಬಳೇ ಪೀಣ್ಯದ ಕಡೆ ಹೊರಟೆ.

ಬಂದರು!

ಓಡಿದೆ. ಲೇತ್ ಶೆಡ್ಡುಗಳ ಸಂದಿಯಲ್ಲಿ ನುಗ್ಗಿದೆ. ಎಣ್ಣೆ ಚೆಲ್ಲಿದ ನೆಲದಲ್ಲಿ ಕಾಲು ಜಾರಿತು... ಏಳುವಷ್ಟರಲ್ಲಿ ಜಯಸಿಂಹನ ಬಲಗೈ ಬಂಟ ಅಂಬರೀಶ್ ನನ್ನ ಜಡೆ ಹಿಡಿದಿದ್ದ.

ಹೀಗೆ ಬಂದು ಈ ಕುರ್ಚಿಯಲ್ಲಿ ಕೂತೆ.

"ಜಾಗ ಹೇಳಿ ಸಾಕು," ಎಂದ ಜಯಸಿಂಹ. "ನಮ್ಮ ಅಂಬರೀಶ ಹೋಗಿ ಫೋನ್ ಇಸ್ಕೊಂಡು ಬರ್ತಾನೆ."

"ಕೊಡಲ್ಲ ಅಂದ್ರೆ?"

ಅಂಬರೀಶ್ ಹಲ್ಲು ಕಿರಿದ. "ಕೈ ಸಮೇತ ತರ್ತೀನಿ ಮೇಡಂ!"

ಅವನು ತಮಾಷೆ ಮಾಡುತ್ತಿರಲಿಲ್ಲ. ಆ ಹುಡುಗಿ ಅದೇ ಕೈಯಲ್ಲಿ ಬೆಳಿಗ್ಗೆ ನನಗೆ ಟೀ ಕೊಟ್ಟಿದ್ದಳು.

ಆಗಲೇ ಟ್ಯೂಬ್‌ಲೈಟುಗಳು ಮಿಣುಕಿದವು.

ಮ್ಯಾಗ್ನೆಟ್ಟಿನ ಸದ್ದು ಒಂದು ಕ್ಷಣ ಕುಗ್ಗಿತು. ಪ್ಲೇಟಿನ ಒಂದು ಬದಿ ಕರಕರ ಎಂದು ಜಾರಿ... ನಿಂತಿತು.

ನಾನು ಕಿರುಚಿದೆ. ನಾಟಕವಲ್ಲ! ಜೀವ ಬಾಯಿಗೆ ಬಂದು ಕಿರುಚಿದೆ. "ಸಿಂಗಸಂದ್ರ! ಸಿಂಗಸಂದ್ರದಲ್ಲಿದ್ದಾಳೆ! ಅವ್ರ ಚಿಕ್ಕಮ್ಮನ ಮನೆ... ಮೇನ್ ರೋಡಲ್ಲೇ... ದಯವಿಟ್ಟು ಇದನ್ನ ಸರಿಸಿ!"

ಕಿರುಚಿದ್ದು ನಿಜ. ಜಾಗ ಮಾತ್ರ ಸುಳ್ಳು.

ಪೀಣ್ಯ ಊರಿನ ಈ ತುದಿ, ಸಿಂಗಸಂದ್ರ ಆ ತುದಿ. ನಡುವೆ ಇಡೀ ಬೆಂಗಳೂರು ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ. ಅಂಬರೀಶ್ ಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಸಾಕ್ಷಿ ಮುಗಿದಿರುತ್ತದೆ. ಅವನು ಕಾರಿನ ಕೀ ತಿರುಗಿಸುತ್ತಾ ಹೊರಟ.

"ಅವನು ಫೋನ್ ಮಾಡೋವರೆಗೂ ಇಲ್ಲೇ ಕೂತಿರಿ," ಎಂದ ಜಯಸಿಂಹ. ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ನೇರ ಗಾಜಿನ ಕ್ಯಾಬಿನ್ನಿಗೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ವಿಚಾರಣೆ ಶುರು.

ಆಗ ನನಗೆ ಹೊಳೆಯಿತು.

ಇನ್ನು ಸ್ವಲ್ಪ ಹೊತ್ತಿಗೆ ಅದೇ ಲ್ಯಾಪ್‌ಟಾಪಿನಲ್ಲಿ ಪ್ರಿಯಾಂಕಾ ಕಾಣಿಸುತ್ತಾಳೆ, ದಿವ್ಯಾಳ ಪಕ್ಕದಲ್ಲಿ, ಗಿರಣಿಯ ಹಿಟ್ಟಿನ ಚೀಲಗಳ ಮುಂದೆ. ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಗುತ್ತದೆ. ಹುಡುಗಿಯನ್ನು ಉಳಿಸಿದ ಆ ಸುಳ್ಳೇ ನನ್ನ ಕುತ್ತಿಗೆಗೆ ಬರುತ್ತದೆ!

"ಮುತ್ತು..." ಎಂದೆ. "ಅಣ್ಣಾ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ ಇದನ್ನ."

"ಆಗಲ್ಲ ಮೇಡಂ."

"ಒಂದೇ ಒಂದು ಬಟನ್!"

"ಸಾರ್ ನೋಡ್ತಾ ಇದಾರೆ. ನಮ್ ಮನೆ ಅಂಬರೀಶಂಗೆ ಗೊತ್ತು."

"ಇದು ಬಿದ್ರೆ ರಿಮೋಟ್ ಯಾರ ಕೈಲಿತ್ತು ಅಂತ ಕೇಳ್ತಾರೆ. ಸಾರ್ ಕೈಲಿತ್ತು ಅಂತ ಯಾರೂ ಹೇಳಲ್ಲ."

ಮುತ್ತು ಬೆವರಿದ. "ಅಯ್ಯೋ ಮುರುಗಾ... ನನ್ನ ಯಾಕೆ ಮೇಡಂ ಹಿಂಗೆ ಹೆದರಿಸ್ತೀರಾ? ನಾನೇ ಹೆದರಿದೀನಿ!"

ಮ್ಯಾಗ್ನೆಟ್ಟು ಗುಂಯ್‌ಗುಡುತ್ತಿತ್ತು. ನಾನು ಕ್ಯಾಬಿನ್ನಿನ ಗಾಜನ್ನೇ ನೋಡುತ್ತಿದ್ದೆ. ಜಯಸಿಂಹ ಮೊದಲು ನಗುತ್ತಾ ಮಾತಾಡಿದ. ಆಮೇಲೆ ತಲೆಯಾಡಿಸಿದ. ಆಮೇಲೆ ಅವನ ಮುಖ ಪರದೆಯ ಹತ್ತಿರಕ್ಕೆ ಬಾಗಿತು.

ಎದ್ದ! ಕುರ್ಚಿ ಹಿಂದಕ್ಕೆ ಉರುಳಿತು.

"ಸಿಂಗಸಂದ್ರಾನಾ?" ಬಾಗಿಲಲ್ಲೇ ಕೂಗಿದ. "ಅವಳು ಅಲ್ಲಿ ಯಾವ್ದೋ ಹಿಟ್ಟಿನ ಗಿರಣಿಲಿ ಕೂತ್ಕೊಂಡು ನನ್ನ ಮಾತು ನನಗೇ ಕೇಳಿಸ್ತಾ ಇದಾಳೆ! ಈ ಧ್ವನಿ ನಿಮ್ಮದೇನಾ ಅಂತ ಅಧಿಕಾರಿ ಕೇಳ್ತಾರೆ. ಏನ್ ಹೇಳ್ಲಿ? ಹಾಂ? ಏನ್ ಹೇಳ್ಲಿ?"

ಅವನು ಗೋಡೆಯ ಕಡೆ ತಿರುಗಿದ.

"ಮುತ್ತೂ! ಬಿಡೋ ಅದನ್ನ!"

ಮುತ್ತು ಅಲುಗಾಡಲಿಲ್ಲ.

"ಬಿಡೋ ಅಂದ್ನಲ್ಲ! ಕೊಡೋ ಇಲ್ಲಿ ರಿಮೋಟು!"

ಜಯಸಿಂಹ ಅವನ ಕಡೆ ದಾಪುಗಾಲು ಹಾಕಿದ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿಗೂ ಬೆಳಕು ಕುಗ್ಗಿದ್ದು ತಿಳಿಯಿತು. ಮ್ಯಾಗ್ನೆಟ್ಟಿನ ಸದ್ದು ಇಳಿಯಿತು. ತಲೆಯ ಮೇಲೆ ಮತ್ತೆ ಕರಕರ...

ಕ್ರೇನ್ ಆಪರೇಟರುಗಳು ಮೊದಲ ದಿನವೇ ಕಲಿಯುವ ಪಾಠ ಒಂದಿದೆಯಂತೆ. ಲೋಡು ಜಾರಿದರೆ ಏನನ್ನೂ ಯೋಚಿಸಬಾರದು. ಮೊದಲು ಜನರ ಮೇಲಿಂದ ಆಚೆ ತೆಗೆಯಬೇಕು. ಇದನ್ನು ಆಮೇಲೆ ಮುತ್ತುವೇ ನನಗೆ ಹೇಳಿದ. ಮನೆ, ಅಂಬರೀಶ್, ಸಾರ್ ಯಾವುದೂ ಆ ಕ್ಷಣ ಅವನ ತಲೆಯಲ್ಲಿರಲಿಲ್ಲ. ಹೆಬ್ಬೆರಳು ತಾನಾಗಿ ಬಟನ್ ಒತ್ತಿತ್ತು.

ಟಣ್ ಟಣ್ ಟಣ್! ಕ್ರೇನಿನ ಗಂಟೆ ಬಡಿಯಿತು. ಕಣ್ಣು ಬಿಟ್ಟೆ. ಪ್ಲೇಟಿನ ನೆರಳು ನನ್ನ ಮಡಿಲಿನಿಂದ ಜಾರಿ, ನೆಲ ದಾಟಿ, ರೋಲಿಂಗ್ ಮಶೀನಿನ ಕಡೆ ಹೋಗುತ್ತಿತ್ತು.

"ಏಯ್! ಮಶೀನ್ ಕಡೆ ಅಲ್ವೋ! ವಾಪಸ್ ತಗೊಳ್ಳೋ!" ಜಯಸಿಂಹ ಅದರ ಹಿಂದೆ ಓಡಿದ.

"ಸಾರ್! ಕೆಳಗೆ ಹೋಗ್ಬೇಡಿ ಸಾರ್!" ಮುತ್ತು ರಿಮೋಟ್ ಎಸೆದು ಹಾರಿ ಅವನ ಶರ್ಟಿನ ಕಾಲರ್ ಹಿಡಿದೆಳೆದ. ಇಬ್ಬರೂ ನೆಲಕ್ಕೆ ಬಿದ್ದರು.

ಕರೆಂಟ್ ಹೋಯಿತು.

ಆ ಸದ್ದನ್ನು ನಾನು ವರ್ಣಿಸಲಾರೆ. ಕುರ್ಚಿ ನನ್ನನ್ನು ಹೊತ್ತುಕೊಂಡೇ ನೆಗೆಯಿತು. ಧೂಳು ಕೆಳಗಿಳಿದಾಗ ಪ್ಲೇಟು ಮಶೀನಿನ ಮೇಲೆ ಓರೆಯಾಗಿ ಕೂತಿತ್ತು. ಅಂಚು ಕಾಯಿಸುವ ಭಾಗ ಚಪ್ಪಟೆಯಾಗಿತ್ತು. ನನಗೆ ಅಳು ಬಂತು. ತಡೆಯಲೂ ಇಲ್ಲ.

ಮುತ್ತು ಎದ್ದುಬಂದು ಪಟ್ಟಿಗಳನ್ನು ಕತ್ತರಿಸಿದ. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ. ಸಿಂಗಸಂದ್ರದ ದಾರಿಯಲ್ಲಿರುವ ಬಿಳಿ ಕಾರಿನ ನಂಬರನ್ನೂ ಹೇಳಿದ.

ಜಯಸಿಂಹ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಬಿಳಿ ಶರ್ಟೆಲ್ಲ ಗ್ರೀಸು. ಅವನಲ್ಲಿ ಸಿಟ್ಟು ಉಳಿದಿರಲಿಲ್ಲ.

"ನೀವೇ ಹೇಳಿ ಮೇಡಂ," ಎಂದ. "ಆಯುಧಪೂಜೆ ದಿನ ಗೇಟ್ ಮುಚ್ಚಿರೋ ಫ್ಯಾಕ್ಟರಿ ಎಲ್ಲಾದ್ರೂ ನೋಡಿದೀರಾ?"

"ಇಲ್ಲ," ಎಂದೆ. "ಅದಕ್ಕೇ ಹುಡುಕೋದು ಸುಲಭ ಆಯ್ತು."

ಕ್ಯಾಬಿನ್ನಿನ ಮೇಜಿನ ಮೇಲಿದ್ದ ನನ್ನ ಫೋನ್ ತೆಗೆದುಕೊಂಡು ಹೊರಗೆ ಬಂದೆ. ಮಧ್ಯಾಹ್ನದ ಬಿಸಿಲು. ರಸ್ತೆಯಲ್ಲಿ ಲಾರಿ, ಧೂಳು, ಊಟದ ಡಬ್ಬಿ ಹಿಡಿದ ಹೆಂಗಸರು. ಕಾಂಪೌಂಡ್ ಗೋಡೆ ಹಿಡಿದು ಕುಕ್ಕರಿಸಿ ಕೂತೆ. ಪ್ರಿಯಾಂಕಾಳ ನಂಬರ್ ಒತ್ತಲು ಮೂರ್ನಾಲ್ಕು ಸಲ ಬೇಕಾಯಿತು.

"ಅಕ್ಕಾ! ಎಲ್ಲಿ ಹೋದ್ರಿ? ಎಷ್ಟ್ ಸಲ ಫೋನ್ ಮಾಡಿದ್ವಿ!" ಅವಳ ಧ್ವನಿಯಲ್ಲಿ ಖುಷಿ ಉಕ್ಕುತ್ತಿತ್ತು. "ಎಲ್ಲಾ ಸಕ್ಕತ್ತಾಗಿ ಆಯ್ತು. ಫೋನ್ ತೋರಿಸ್ದೆ. ಅಜ್ಜೀನೂ ಮಾತಾಡ್ತು. ನಿಮ್ಮದೇನಾ ಧ್ವನಿ ಅಂತ ಅಧಿಕಾರಿ ಕೇಳಿದ್ರೆ ಅವ್ರು ಎದ್ದೇ ಹೋದ್ರು! ಇನ್ನು ಪೇಟೆಂಟ್ ಸಿಗೋದು ಕನಸು ಅಂತಿದಾರೆ ದಿವ್ಯಾ ಮೇಡಂ."

"ಒಳ್ಳೇದಾಯ್ತು ಕಣೇ."

"ಕೊನೇಲಿ ಇನ್ನೊಂದು ಕೇಳಿದ್ರಕ್ಕಾ. ಸಾಕ್ಷಿ ಹೇಳ್ಬೇಡ ಅಂತ ನಿನ್ನ ಯಾರಾದ್ರೂ ಹೆದರಿಸಿದ್ರಾ ಅಂದ್ರು. ಯಾರೂ ಇಲ್ಲ ಸಾರ್, ನಂಗ್ಯಾಕೆ ಭಯ ಅಂದ್ಬಿಟ್ಟೆ. ಸರಿ ತಾನೆ?"

ಮಣಿಕಟ್ಟಿನ ಮೇಲೆ ಪಟ್ಟಿ ಬಿಟ್ಟಿದ್ದ ಕೆಂಪು ಗೆರೆಯನ್ನು ಉಜ್ಜಿಕೊಂಡೆ.

"ಸರಿಯಾಗೇ ಹೇಳಿದೀಯ ಬಿಡು. ನಿನ್ನ ಪಾಲಿಂದೂ ಸೇರಿಸಿ ನಾನೇ ಹೆದರಿ ಮುಗಿಸಿದೀನಿ!"