ಒಂದು ಗಂಟೆಯ ಕುರ್ಚಿಗಳು

ನಾನು ಕುಡಿಯುವವನಲ್ಲ, ಕುಡಿಸುವವನು. ಹನ್ನೊಂದು ವರ್ಷದಿಂದ ಒಂದೇ ಬಾರಿನಲ್ಲಿ ಸಪ್ಲೈಯರ್. ನಮ್ಮ ಬೀದಿಯ ಬಾರುಗಳು ರಾತ್ರಿ ಒಂದರ ಬದಲು ನಾಲ್ಕರವರೆಗೆ ತೆರೆದಿರಬಹುದು ಎಂದು ಆದೇಶ ಬಂತು. ಮೊದಲ ರಾತ್ರಿಯೇ, ಒಂದು ಹೊಡೆಯುತ್ತಿದ್ದಂತೆ, ಖಾಲಿ ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿ ನಿಂತಿದ್ದವು. ಬಾಗಿಲು ಹಾಕುವಾಗ ನಾನು ಎತ್ತಿಡುವುದೂ ಹಾಗೆಯೇ. ಕೈ ತೊಳೆಯಲು ಎದ್ದ ಗಿರಾಕಿಯ ಕುರ್ಚಿಯೂ ಮೇಲಿತ್ತು. ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯಿತು.

“ಮನೆಗೆ ಓಡೋ ಅರ್ಜೆಂಟಾ ನಿಂಗೆ?” ಯಜಮಾನರು ನನ್ನ ಮೇಲೆ ಹರಿಹಾಯ್ದರು.

“ನನ್ನೆರಡೂ ಕೈಲಿ ಟ್ರೇ ಇರೋದು ಕಾಣಲ್ವಾ ನಿಮ್ಗೆ?”

ಕುರ್ಚಿಗಳನ್ನು ಇಳಿಸಿದೆ. ಬೆನ್ನು ತಿರುಗಿಸುವಷ್ಟರಲ್ಲಿ ಸದ್ದಿಲ್ಲದೆ ಮತ್ತೆ ಮೇಲೇರಿದ್ದವು.

ನಾಲ್ಕನೇ ರಾತ್ರಿ ಯಜಮಾನರು ಎಲ್ಲರನ್ನೂ ಒಂದಕ್ಕೆ ಮೊದಲೇ ಹೊರಗೆ ಅಟ್ಟಿದರು. “ಯಾವನು ಎತ್ತಿಡ್ತಾನೋ ನಾನೂ ನೋಡೇಬಿಡ್ತೀನಿ,” ಎಂದು ಗಲ್ಲಾದ ಹಿಂದಿನ ತಮ್ಮ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತರು.

ಬೆಳಿಗ್ಗೆ ಹೋದರೆ, ಮೂವರು ಸೇರಿದರೂ ಅಲುಗದ ಆ ಕುರ್ಚಿ ಕಾಲು ಮೇಲಾಗಿ ಗಲ್ಲಾದ ಮೇಲಿತ್ತು. ಯಜಮಾನರು ಗೋಡೆಗೆ ಒರಗಿ ನಿಂತಿದ್ದರು. ಏನಾಯಿತೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಈಗ ನಾವು ಒಂದಕ್ಕೇ ಬಾಗಿಲು ಹಾಕುತ್ತೇವೆ. ಆದರೆ ಅವರು ಕೂತದ್ದನ್ನು ನಾನು ಮತ್ತೆ ನೋಡಿಲ್ಲ.

“ಮನೇಲೂ ಕೂರಲ್ಲ ಕಣಪ್ಪ,” ಎಂದರು ಅವರ ಹೆಂಡತಿ. “ನಿದ್ದೆನೂ ನಿಂತೇ ಮಾಡ್ತಾರೆ.”