ರಾಣಿ ಮಾಡಿದ ಪೆಟ್ಟಿಗೆ

"ಕಣ್ಣು ಕಾಣಲ್ವೇನ್ರೀ ನಿಮ್ಗೆ? ನಮ್ಮಪ್ಪನ ಕೈ ನೋಡ್ರಿ ಒಂದ್ಸಲ!"

ಅಂಗಳದಲ್ಲಿ ಪ್ಲೈವುಡ್ ಹಲಗೆ ಹಿಡಿದು ನಿಂತಿದ್ದವನು ಬೆಚ್ಚಿಬಿದ್ದ. ಹಲಗೆ ಕೈಜಾರಿ ಅವನ ಕಾಲಿನ ಮೇಲೇ ಬಿತ್ತು. ಅವನು ಕಾಲು ನೋಡಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತಿದ್ದ ನಂಜಣ್ಣನ ಬಲಗೈಯನ್ನೇ ನೋಡಿದ. ಆ ಕೈ ತೊಡೆಯ ಮೇಲೆ ಅಲುಗಾಡದೆ ಬಿದ್ದಿತ್ತು.

"ತಪ್ಪಾಯ್ತು ಕಣ್ರೀ... ನಂಗೆ ಗೊತ್ತಿರ್ಲಿಲ್ಲ."

ಮಿರ್ಲೆಯಲ್ಲಿ ಬಡಗಿ ನಂಜಣ್ಣ ಬಾಗಿಲು ಕೂರಿಸದ ಬೀದಿಯೇ ಇರಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಯಾರಾದರೂ ಮರದ ಕೆಲಸ ಕೇಳಿಕೊಂಡು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ. ಅಪ್ಪನ ಆ ಅಳು ಮಗಳು ರಾಣಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಬಂದವರ ಮೇಲೆ ಹೀಗೆ ಹರಿಹಾಯುತ್ತಿದ್ದಳು.

ಆದರೆ ಇವತ್ತು ನಂಜಣ್ಣ ಅಳಲಿಲ್ಲ. "ಏನ್ ಮಾಡ್ಬೇಕಿತ್ತಪ್ಪ?" ಎಂದ.

ಬಂದವನ ಹೆಸರು ಗುರುಸ್ವಾಮಿ. ಭೇರ್ಯದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅದು ಎರಡು ಸಾವಿರದ ಐದನೇ ಇಸವಿ. ಮೈಸೂರಿನ ಗುಜರಿಯಲ್ಲಿ ಅವನಿಗೆ ಬೆಳಕು ಆರಿಹೋದ ಒಂದು ಕಂಪ್ಯೂಟರ್ ಪರದೆ ಸಿಕ್ಕಿತ್ತು.

"ಅದ್ರ ಹಿಂದ್ಗಡೆ ಜೋರಾಗಿರೋ ದೀಪ, ಮುಂದ್ಗಡೆ ಲೆನ್ಸು ಇಟ್ರೆ ಗೋಡೆ ತುಂಬಾ ಚಿತ್ರ ಬತ್ತದೆ ಅಣ್ಣ. ಪ್ರೊಜೆಕ್ಟರು! ಎಲ್ಲಾ ಕೂಡ್ಕಂಡದೆ. ಕೂರ್ಸಕ್ಕೆ ಒಂದು ಪೆಟ್ಟಿಗೆ ಇಲ್ಲ. ನಾನೇ ಕುಯ್ಯಕ್ಕೋಗಿ ಎರಡು ಹಲಗೆ ಹಾಳ್ಮಾಡ್ದೆ."

"ಏನ್ ಸಿನಿಮಾ ತೋರ್ಸಕ್ಕಾ?" ರಾಣಿ ಸಿಡುಕಿದಳು.

ಅವನು ತಲೆಯಾಡಿಸಿದ.

"ಅಲ್ಲ ಕಣ್ರೀ. ನನ್ ತಂಗಿ ಮದ್ವೇಲಿ ನಮ್ಮವ್ವ ಧಾರೆ ನೋಡ್ಲಿಲ್ಲ. ಗಂಡ ಇಲ್ದೋಳು ಮುಂದಕ್ಕೆ ಬರಬಾರ್ದು ಅಂದ್ರು. ಅಡುಗೆ ಚಪ್ಪರದಾಗೇ ಕೂತ್ಕಂಡು ವಾಲಗ ಕೇಳಿಸ್ಕಂಡ್ಳು ಅಷ್ಟೆ. ಇದೊಂದು ಆದ್ರೆ... ಎಲ್ಲಿ ಕೂತ್ರೂ ಕಾಣ್ತದೆ."

ರಾಣಿಯ ಸಿಟ್ಟು ಎಲ್ಲಿ ಹೋಯಿತೋ! ಅವಳು ಕೆಳಗೆ ಬಿದ್ದಿದ್ದ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ಅವಳಿಗೇ ಹೊಸದಾಗಿತ್ತು.

"ಅಪ್ಪ... ನಾನು ಮಾಡ್ಲಾ?"

ಇಷ್ಟು ವರ್ಷ ಅಪ್ಪ ಕುಯ್ಯುವಾಗ ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದಳೇ ಹೊರತು, ಒಬ್ಬಳೇ ಗರಗಸ ಹಿಡಿದವಳಲ್ಲ.

"ನಿನ್ಗೇನ್ ಬತ್ತದೆ?" ಎಂದ ನಂಜಣ್ಣ. ಆದರೆ ಬೇಡ ಎನ್ನಲಿಲ್ಲ.

ಗುರುಸ್ವಾಮಿ ದಿನಾ ಮಧ್ಯಾಹ್ನ ಭೇರ್ಯದಿಂದ ಸೈಕಲ್ಲಿನಲ್ಲಿ ಬರತೊಡಗಿದ. ಅಮ್ಮ ಚಿಕ್ಕಬಸಮ್ಮ ಅಂಗಳದಲ್ಲೇ ಅವರೆಕಾಳು ಸುಲಿಯುತ್ತಾ ಇಬ್ಬರ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದಳು.

ರಾಣಿ ಎಳೆದ ಗೆರೆ ಒಂದು ಕಡೆ, ಗರಗಸ ಹೋದದ್ದು ಇನ್ನೊಂದು ಕಡೆ! ಮೊಳೆ ಹೊಡೆದರೆ ಪ್ಲೈವುಡ್ ಸೀಳುತ್ತಿತ್ತು. ನಾಲ್ಕು ಮಗ್ಗುಲು ಜೋಡಿಸಿದರೆ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಮುಚ್ಚಳ ಕೂರಲೇ ಇಲ್ಲ. ಸಂದಿನಲ್ಲಿ ಬೆಳಕು ಸೋರುತ್ತದೆ ಎಂದು ಅವನು ಹೇಳಿದಾಗ, ಹಳೇ ಕೊಡೆಯ ಕಪ್ಪು ಬಟ್ಟೆ ಹರಿದು ಒಳಗೆಲ್ಲ ಅಂಟಿಸಿದಳು.

ನಂಜಣ್ಣ ಜಗಲಿಯಿಂದ ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಕೇಳಿದರೆ ಮುಖ ತಿರುಗಿಸುತ್ತಿದ್ದ.

ಒಂದು ದಿನ ಉಳಿ ಜಾರಿ ರಾಣಿಯ ಹೆಬ್ಬೆರಳು ಕುಯ್ದುಹೋಯಿತು. ಗುರುಸ್ವಾಮಿ ಕರ್ಚೀಫು ಹರಿದು ಕಟ್ಟಿದ.

"ಸಾಕು ಬುಡಿ ರಾಣಿಯವ್ರೇ. ನೀವು ಕೈ ಕಳ್ಕಂಡು ನಾನ್ ಏನ್ ಪ್ರೊಜೆಕ್ಟರ್ ಮಾಡೋದು?"

"ನಗಾಡ್ತಿದೀರಾ?"

"ದೇವ್ರಾಣೆಗೂ ಇಲ್ಲ."

ಅವನು ನಗುತ್ತಿರಲಿಲ್ಲ. ಒಂದು ದಿನವೂ ಅವಳ ಓರೆ ಗೆರೆ ನೋಡಿ ನಕ್ಕಿರಲಿಲ್ಲ. ಅದು ಆಗ ಅವಳ ಗಮನಕ್ಕೆ ಬಂತು... ಎದೆಯೊಳಗೆ ಏನೋ ಸಡಿಲಾಯಿತು.

ಕೊನೆಗೆ ಉಳಿದದ್ದು ಹಿಂದುಗಡೆಯ ತೂತು. ದೀಪದ ಕಾವು ವಿಪರೀತ, ಫ್ಯಾನು ಕೂರಿಸಿ ಬಿಸಿಗಾಳಿ ಹೊರಗೆ ತಳ್ಳಬೇಕು ಎಂದಿದ್ದ ಅವನು. ರಾಣಿ ಬೈರಿಗೆಯಿಂದ ಸುತ್ತಲೂ ಕೊರೆದು ನಡುವಿನ ಮರವನ್ನು ಉಳಿಯಿಂದ ಬಿಡಿಸಿದಳು. ಅಂಗೈ ಅಗಲಕ್ಕೆ ಬರುವಷ್ಟರಲ್ಲಿ ಹಲಗೆ ಬಿರುಕು ಬಿಡತೊಡಗಿತು. ಹೆದರಿ ಅಲ್ಲಿಗೇ ನಿಲ್ಲಿಸಿದಳು.

"ಸಾಕಾಗ್ತದಾ?"

"ಸದ್ಯಕ್ಕೆ ಸಾಕು," ಎಂದ ಅವನು.

ಪೆಟ್ಟಿಗೆಯ ಮೊದಲ ಪರೀಕ್ಷೆ ಮಿರ್ಲೆಯ ಶಾಲೆಯ ಅಂಗಳದಲ್ಲಿ. ನಾಟಿ ಮಾಡುವ ಹೆಂಗಸರನ್ನು ಗುರುಸ್ವಾಮಿ ಗೆಳೆಯನ ಕ್ಯಾಮೆರಾದಲ್ಲಿ ಹಿಡಿದು ತಂದಿದ್ದ. ಮುಸ್ಸಂಜೆ ಕಳೆದು ಕತ್ತಲಾಗುತ್ತಿದ್ದ ಹಾಗೆ ಬಿಳಿ ಪಂಚೆಯ ಮೇಲೆ ಚಿಕ್ಕಬಸಮ್ಮನ ಮುಖ ಮೂಡಿತು. ಆಳೆತ್ತರಕ್ಕೆ!

"ಅಯ್ಯಯ್ಯೋ, ನಾನ್ ಕಣ್ರವ್ವಾ!" ಚಿಕ್ಕಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಊರೆಲ್ಲ ನಕ್ಕಿತು. ರಾಣಿಯ ಕಣ್ಣು ತುಂಬಿ ಬಂತು.

ಚಿತ್ರ ಮುಗಿದ ಮೇಲೆ ಹಿರಿಯರಾದ ಮಂಟಯ್ಯ ಪೆಟ್ಟಿಗೆಯನ್ನು ಮುಟ್ಟಿ ನೋಡಿ ಕೇಳಿದರು. "ಭೇಷಾಗದೆ ಕಣಪ್ಪ. ಪೆಟ್ಟಿಗೆ ಯಾರು ಮಾಡಿದ್ದು?"

ರಾಣಿ ಒಂದು ಹೆಜ್ಜೆ ಮುಂದೆ ಸರಿದಳು. ಈಗ ಹೇಳುತ್ತಾನೆ... ನನ್ನ ಹೆಸರು ಹೇಳುತ್ತಾನೆ...

ಗುರುಸ್ವಾಮಿ ಒಮ್ಮೆ ಅವಳ ಕಡೆ ನೋಡಿದ. ತಲೆ ತಗ್ಗಿಸಿದ.

"ಮೈಸೂರಲ್ಲಿ ಮಾಡಿಸ್ದೆ."

ಕಿವಿಗೆ ಕಾದ ಎಣ್ಣೆ ಬಿದ್ದ ಹಾಗಾಯಿತು ಅವಳಿಗೆ. ಕುಯ್ದ ಹೆಬ್ಬೆರಳು ಇನ್ನೂ ಮಾಯ್ದಿರಲಿಲ್ಲ!

ಜನ ಅವನನ್ನು ಸುತ್ತುವರಿದಿದ್ದರು. ರಾಣಿ ಒಬ್ಬಳೇ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳ ತೆಗೆದಳು. ಫ್ಯಾನಿನ ಸುತ್ತ ಮರ ಕಂದಿತ್ತು. ಕಪ್ಪು ಬಟ್ಟೆಯ ಅಂಚು ಮುರುಟಿ ಸುಟ್ಟ ವಾಸನೆ ಬರುತ್ತಿತ್ತು. ತೂತು ಚಿಕ್ಕದಾಯಿತು. ಹೆಚ್ಚು ಹೊತ್ತು ಉರಿಸಿದರೆ ಇದು ಹತ್ತಿಕೊಳ್ಳುತ್ತದೆ.

ಹೇಳಬೇಕು ಎಂದು ಬಾಯಿ ತೆರೆದಳು.

'ಮೈಸೂರೋರನ್ನೇ ಕೇಳ್ಕಳ್ಳಿ!'

ಮುಚ್ಚಳ ಮುಚ್ಚಿ ಮನೆಗೆ ನಡೆದುಬಿಟ್ಟಳು.

ಆಮೇಲೆ ಅವನು ಮನೆಗೆ ಬಂದರೂ ಅವಳು ಹೊರಗೆ ಬರಲಿಲ್ಲ. ಒಳಕೋಣೆಯಲ್ಲಿ ಕೂತು ಅವನ ಧ್ವನಿ ಕೇಳಿಸಿಕೊಂಡಳು. "ರಾಣಿಯವ್ರಿಗೆ ಒಂದ್ಮಾತು ಹೇಳ್ಬೇಕಿತ್ತು..." "ಅವಳ್ಗೆ ಉಸಾರಿಲ್ಲ, ಓಗಪ್ಪ," ಎಂದ ಅಪ್ಪ. ಸೈಕಲ್ಲಿನ ಸದ್ದು ದೂರವಾಯಿತು.

ಪಿರಿಯಾಪಟ್ಟಣದಿಂದ ಮೊದಲೇ ಒಂದು ಸಂಬಂಧ ಬಂದಿತ್ತು. "ಏನಂತೀಯವ್ವ?" ಎಂದು ಅಮ್ಮ ಕೇಳಿದಾಗ ರಾಣಿ ಹಿಂದೆಮುಂದೆ ನೋಡದೆ "ಆಯ್ತು" ಎಂದಳು. ಹಾಗೆ ಅಂದಮೇಲೆ ಹಿತ್ತಿಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆ ತಿಂಗಳ ಕೊನೆಯಲ್ಲಿ ಗೆಳತಿ ಪ್ರಿಯಾಳ ಮದುವೆ, ಭೇರ್ಯದಲ್ಲಿ. ಹಿಂದಿನ ಸಂಜೆ ಆರತಕ್ಷತೆ. ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ರಾಣಿ ಮದುವೆ ಮನೆಗೆ ಬಂದಳು.

ಚಪ್ಪರದೊಳಗೆ ಕಾಲಿಟ್ಟವಳು ಹಾಗೇ ನಿಂತಳು. ಮೇಜಿನ ಮೇಲೆ ಅದೇ ವಾಲಿದ ಪೆಟ್ಟಿಗೆ! ಪಕ್ಕದಲ್ಲಿ ಗುರುಸ್ವಾಮಿ. ಹೆಣ್ಣುಗಂಡು ವೇದಿಕೆಯ ಮೇಲೆ ಕೂತದ್ದು ಗೆಳೆಯನ ಕ್ಯಾಮೆರಾದಿಂದ ನೇರವಾಗಿ ಅಡುಗೆ ಚಪ್ಪರದ ಪಕ್ಕ ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಕಾಣುತ್ತಿತ್ತು. ಅದರ ಮುಂದೆ ಕೂತಿದ್ದ ವಯಸ್ಸಾದ ಹೆಂಗಸರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಬ್ಬಾಕೆ ಬಟ್ಟೆಯ ಮೇಲಿನ ಪ್ರಿಯಾಳ ಕೆನ್ನೆ ಮುಟ್ಟಿ ಲಟಿಕೆ ಮುರಿದಳು.

ಅಪ್ಪನ ಪಕ್ಕ ಕೂತ ರಾಣಿಯ ಕಣ್ಣು ಪೆಟ್ಟಿಗೆಯ ಹಿಂಬದಿಗೆ ಹೋಯಿತು. ಎಷ್ಟು ಹೊತ್ತಿನಿಂದ ಉರಿಯುತ್ತಿದೆ ಆ ದೀಪ?

ಎದ್ದು ಹೋಗಿ ಹೇಳಲೇ? ಎದ್ದಳು. ಇಷ್ಟು ಜನರ ಮುಂದೆ ಅವನ ಜೊತೆ ಹೇಗೆ ಮಾತಾಡಲಿ? ಮತ್ತೆ ಕೂತಳು. ಇನ್ನೇನು ಮುಗಿಯುತ್ತದೆ... ಏನೂ ಆಗಲಾರದು...

ಬಟ್ಟೆಯ ಮೇಲಿನ ಚಿತ್ರ ಹಳದಿಗೆ ತಿರುಗಿತು. ಪೆಟ್ಟಿಗೆಯ ಹಿಂದಿನಿಂದ ಹೊಗೆ ಬಂತು. ಹೊಗೆಯ ಹಿಂದೆಯೇ ಬೆಂಕಿಯ ನಾಲಗೆ!

"ಬೆಂಕಿ! ಬೆಂಕಿ!"

ಚಪ್ಪರದ ತುಂಬ ಒಣಗರಿ. ಜನ ಚೀರುತ್ತಾ ಎದ್ದು ಓಡಿದರು. ಗುರುಸ್ವಾಮಿ ವೈರು ಕಿತ್ತೆಸೆದು, ಉರಿಯುವ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೊರಗೆ ಓಡಿದ. ಬೀದಿಯಲ್ಲಿ ಹಾಕಿ ಮಣ್ಣು ಸುರಿದ. ಚಪ್ಪರಕ್ಕೆ ಏನೂ ಆಗಲಿಲ್ಲ. ಆದರೆ ಅವನ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು.

ಪ್ರಿಯಾಳ ಚಿಕ್ಕಪ್ಪ ಚನ್ನಬಸವಣ್ಣ ಅವನ ಅಂಗಿಯ ಪಟ್ಟಿ ಹಿಡಿದ.

"ಮದ್ವೆ ಮನೇಲಿ ಬೆಂಕಿ ಆಕ್ತೀಯೇನ್ಲಾ? ಯಾವನ್ಲಾ ಈ ಪೆಟ್ಟಿಗೆ ಮಾಡ್ದೋನು? ಕರ್ಸು ಅವನ್ನ!"

"ನಾನೇ ಮಾಡ್ಕಂಡಿದ್ದು," ಎಂದ ಗುರುಸ್ವಾಮಿ. "ತಪ್ಪು ನಂದೇ ಕಣಣ್ಣ. ಹೊಡೀರಿ ಬೇಕಾದ್ರೆ."

"ಮಿರ್ಲೇಲಿ ಕೇಳ್ದಾಗ ಮೈಸೂರಲ್ಲಿ ಮಾಡಿಸ್ದೆ ಅಂದಿದ್ದ," ಎಂದರು ಯಾರೋ.

ಅವನು ಸುಟ್ಟ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

ರಾಣಿ ಅವನನ್ನೇ ನೋಡಿದಳು. ಹೊಗಳಿಕೆ ಬಂದಾಗ ನನ್ನ ಹೆಸರು ಹೇಳಲಿಲ್ಲ. ಈಗ ಏಟು ಬೀಳುವಾಗಲೂ ಹೇಳುತ್ತಿಲ್ಲ... ಯಾಕೆ?

ಕಾಲು ತಾನಾಗಿ ನಡೆಯಿತು. ಜನರನ್ನು ಸರಿಸಿಕೊಂಡು ಮುಂದೆ ಬಂದು ನಿಂತಳು.

"ಬುಡಿ ಅವ್ರನ್ನ. ಪೆಟ್ಟಿಗೆ ನಾನು ಮಾಡಿದ್ದು."

"ಇಲ್ಲ ಇಲ್ಲ, ಸುಮ್ನೆ ಹೇಳ್ತಾವ್ರೆ!" ಗುರುಸ್ವಾಮಿ ಗಾಬರಿಯಾದ. "ರಾಣಿಯವ್ರೇ, ಓಗಿ ನೀವು!"

"ನಾನೇ ಕುಯ್ದಿದ್ದು, ನಾನೇ ಮೊಳೆ ಹೊಡ್ದಿದ್ದು. ನಂಗೆ ಸರಿಯಾಗಿ ಬರಲ್ಲ. ಗಾಳಿ ತೂತು ಚಿಕ್ಕದಾಗೋಯ್ತು." ಅವಳು ಗುರುಸ್ವಾಮಿಯ ಕೈ ಕಡೆ ನೋಡಿದಳು. "ಹತ್ಕಂತದೆ ಅಂತ ಹೋದ್ಸಲಾನೇ ನಂಗೆ ಗೊತ್ತಾಗಿತ್ತು. ಸಿಟ್ಟಲ್ಲಿ... ಹೇಳ್ಲಿಲ್ಲ."

ಮಿರ್ಲೆಯ ನಂಜಣ್ಣನ ಮಗಳಂತೆ ಎಂಬ ಪಿಸುಮಾತು ಎದ್ದಿತು. ಚನ್ನಬಸವಣ್ಣನ ಕೈ ಸಡಿಲಾದರೂ ಬಾಯಿ ನಿಲ್ಲಲಿಲ್ಲ. ಅಷ್ಟರಲ್ಲಿ ಮದುಮಗಳು ಪ್ರಿಯಾ ರೇಷ್ಮೆ ಸೀರೆ ಎತ್ತಿ ಹಿಡಿದು ಬೀದಿಗೇ ಬಂದಳು.

"ಸಾಕು ಬುಡಿ ಚಿಕ್ಕಪ್ಪ. ಸುಟ್ಟಿರೋದು ಪೆಟ್ಟಿಗೆ, ನನ್ ಮದ್ವೆ ಅಲ್ಲ. ಮೊದ್ಲು ಅವ್ರ ಕೈಗೆ ನೀರು ಹುಯ್ಯಿರಿ."

ಮನೆಗೆ ವಾಪಸು ಬರುವಾಗ ಆಟೋದಲ್ಲಿ ನಂಜಣ್ಣ ಬಹಳ ಹೊತ್ತು ಹೊರಗೇ ನೋಡುತ್ತಿದ್ದ. ಆಮೇಲೆ ಎಡಗೈಯಿಂದ ಮಗಳ ಕೈ ಹಿಡಿದುಕೊಂಡ.

"ಆ ಮಾತು ಅವನ್ದಲ್ಲ ಕಣವ್ವ. ನಂದು."

"ಯಾವ ಮಾತಪ್ಪ?"

"ಮೈಸೂರಲ್ಲಿ ಮಾಡ್ಸಿದ್ದು ಅನ್ನು ಅಂತ ನಾನೇ ಆಣೆ ಹಾಕಿಸ್ಕಂಡಿದ್ದೆ. ನೀನು ಗರಗಸ ಹಿಡ್ದಿದ್ದು ಪಿರಿಯಾಪಟ್ಣದೋರ ಕಿವಿಗೆ ಬಿದ್ರೆ ಸಂಬಂಧ ಕೆಡ್ತದೆ ಅಂತ ಅವನ್ಗೆ ಹೇಳ್ದೆ." ಅವನು ತನ್ನ ಬಲಗೈ ನೋಡಿಕೊಂಡ. "ಅದೂ ಸುಳ್ಳೇ. ನನ್ ಗರಗಸ ಇನ್ನೊಬ್ರ ಕೈಲಿ ಓಡೋದು... ನೋಡಕ್ಕಾಗ್ಲಿಲ್ಲ ನನ್ಗೆ. ಮಗಳಾದ್ರೂ ಆಗ್ಲಿಲ್ಲ. ತೂತು ಸಾಲ್ದು ಅಂತ ಜಗಲಿ ಮೇಲಿಂದ್ಲೇ ಗೊತ್ತಾಗಿತ್ತು ಕಣವ್ವ. ಬಾಯಿ ಬಿಡ್ಲಿಲ್ಲ."

ರಾಣಿಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳೂ ಅದನ್ನೇ ಮಾಡಿದ್ದಳಲ್ಲ! ಅಪ್ಪನ ಭುಜಕ್ಕೆ ತಲೆ ಇಟ್ಟು ದಾರಿಯುದ್ದಕ್ಕೂ ಅತ್ತಳು.

ವಾರ ಕಳೆಯುವಷ್ಟರಲ್ಲಿ ಪಿರಿಯಾಪಟ್ಟಣದಿಂದ ಬೇಡವೆಂದು ಹೇಳಿ ಕಳಿಸಿದರು. ಚಿಕ್ಕಬಸಮ್ಮ ತಲೆ ಚಚ್ಚಿಕೊಂಡಳು. ನಂಜಣ್ಣ ಮಾತ್ರ ಮಗಳಿಗೆ, "ಭೇರ್ಯಕ್ಕೆ ಓಗಿ ಆ ಹುಡ್ಗನ ಕೈ ಹೆಂಗದೆ ನೋಡ್ಕಂಡ್ ಬಾ," ಎಂದ.

ಅಂಗಡಿಯಲ್ಲಿ ಗುರುಸ್ವಾಮಿ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಸ್ಟೂಲು ಸರಿಸಲು ಹೋದ, ಆಗಲಿಲ್ಲ.

ರಾಣಿ ಬಾಗಿಲಲ್ಲೇ ನಿಂತಳು.

"ಅಪ್ಪ ಎಲ್ಲಾ ಹೇಳ್ತು. ನೀವ್ಯಾಕೆ ಒಂದ್ಮಾತು ನನ್ಗೆ ಹೇಳ್ಲಿಲ್ಲ?"

"ಹೇಳಕ್ಕೆ ಬಂದಿದ್ದೆ. ಆಮೇಲೆ ನಿಮ್ಗೆ ಸಂಬಂಧ ಕುದುರ್ತು ಅಂದ್ರು. ಇನ್ಯಾಕೆ ಅಂತ..."

"ನಾನ್ ಮಾಡಿದ್ದು ಅದಕ್ಕಿಂತ ದೊಡ್ ತಪ್ಪು. ಗೊತ್ತಿದ್ದೂ ಸುಮ್ನಿದ್ದೆ. ಅಷ್ಟು ಜನ ಇದ್ರು... ನಿಮ್ ಜೀವ ಹೋಗಿದ್ರೆ?" ಅವಳ ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. "ನನ್ ಮೇಲೆ ನಿಮ್ಗೆ ಕೋಪ ಇಲ್ವಾ?"

"ಅದೆ," ಎಂದ ಅವನು. "ಎರಡು ದಿನ ಬಾಳಾ ಇತ್ತು. ಮೂರ್ನೇ ದಿನ ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಏನ್ ಮಾಡ್ಲಿ ರಾಣಿಯವ್ರೇ? ಆ ಅಂಗಳಕ್ಕೆ ನಾನ್ ದಿನಾ ಬತ್ತಿದ್ದಿದ್ದು ಬರೀ ಪೆಟ್ಟಿಗೆಗಲ್ಲ."

ರಾಣಿ ತಲೆ ತಗ್ಗಿಸಿದಳು. ಇಷ್ಟು ದಿನ ಹಿಡಿದಿಟ್ಟಿದ್ದ ಮಾತು ತುಟಿಗೆ ಬಂತು.

"ಪಿರಿಯಾಪಟ್ಣದೋರು ಬೇಡ ಅಂದ್ರು. ನಂಗೆ... ಬೇಜಾರೇ ಆಗ್ಲಿಲ್ಲ."

ಅವನ ಮುಖ ಬೆಳಗಿತು. ಹತ್ತಿರ ಬಂದ. ಕೈ ಹಿಡಿಯಲು ಬಾರದೆ ಬಟ್ಟೆ ಸುತ್ತಿದ ಕೈಗಳನ್ನು ಸುಮ್ಮನೆ ಮುಂದೆ ಚಾಚಿದ. ರಾಣಿ ಮೆಲ್ಲಗೆ, ನೋವಾಗದ ಹಾಗೆ, ಅವನ ಮಣಿಕಟ್ಟು ಹಿಡಿದುಕೊಂಡಳು.

"ಒಂದ್ ಕೇಳ್ಕತೀನಿ," ಎಂದ ಅವನು. "ಸಿಟ್ ಬಂದ್ರೆ ಬೈದ್ಬುಡಿ. ಮಾತ್ ಬಿಟ್ಟು ಮಾತ್ರ ಕೂತ್ಕಬ್ಯಾಡಿ."

"ಬೈತೀನಿ. ದಿನಾ ಬೈತೀನಿ."

"ದಿನಾ ಅಂದ್ರೆ?"

"ದಿನಾ ಅಂದ್ರೆ... ದಿನಾ ಕಣ್ರೀ!"